ಬೆಂಗಳೂರು ಅರಮನೆಯೂ ನಮ್ಮ ಹೊಸೂರೂ

ಈ ಸಲದ ಶಾಲಾ ಪ್ರವಾಸಕ್ಕೆ ಮೈಸೂರು ಎಂದು ಮೊದಲು ಅಂದುಕೊಂಡಿದ್ದೆವು. ದೂರವಾಗುತ್ತದೆ, ಸಂಜೆಯೊಳಗೆ ಮಕ್ಕಳು ಮನೆ ಸೇರಬೇಕು ಎಂದು ಪೋಷಕರು ಹೇಳಿದ್ದರಿಂದ ಬೆಂಗಳೂರು ಅರಮನೆಯನ್ನು ಆರಿಸಿಕೊಂಡೆವು. ಹೊಸೂರಿನಿಂದ ಬೆಂಗಳೂರಿಗೆ ಸುಮಾರು ನಲವತ್ತು ಕಿಲೋಮೀಟರ್. ಅತ್ತಿಬೆಲೆ ದಾಟಿದ್ದೇ ತಡ, ಅಂಗಡಿಗಳ ಬೋರ್ಡುಗಳೆಲ್ಲ ಕನ್ನಡದಲ್ಲಿ ಕಾಣಿಸತೊಡಗಿದವು. ಹಿಂದಿನ ಸೀಟಿನ ಮಕ್ಕಳು ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾ ಬಂದರು. ಬೆಂಗಳೂರಿನ ಮಕ್ಕಳಿಗೆ ಇದು ನಗು ಬರಿಸುವ ಸಂಗತಿ. ನಮ್ಮ ಮಕ್ಕಳಿಗೆ ಪಾಠಪುಸ್ತಕದ ಹೊರಗೆ ಇಷ್ಟೊಂದು ಕನ್ನಡ ಅಕ್ಷರ ಒಟ್ಟಿಗೆ ಕಾಣುವುದು ಇಂಥ ದಿನಗಳಲ್ಲೇ.

ಅರಮನೆಯೊಳಗೆ ಒಡೆಯರ್ ಮನೆತನದ ಫೋಟೋಗಳ ಮುಂದೆ ನಿಂತಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಇವರು ನಮಗೂ ರಾಜರಾಗಿದ್ರಾ? ಇಲ್ಲಾ ಬೆಂಗಳೂರಿನವರಿಗೆ ಮಾತ್ರಾನಾ?"

ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಹೊರಗೆ ಹೋಗಿ ಹೇಳ್ತೀನಿ ಕಣಮ್ಮ ಎಂದು ಮುಂದೂಡಿದೆ. ಆ ದಿನ ಅವಳಿಗೆ ಹೇಳಿದ್ದನ್ನೂ, ಸಮಯ ಸಾಲದೆ ಹೇಳಲಾಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅರಮನೆಯ ವಿಷಯ. ವಸಂತನಗರದ ಬಳಿ ಗೇಟು ದಾಟಿ ಒಳಗೆ ಹೋದರೆ ದೂರದಿಂದಲೇ ಗೋಪುರಗಳು, ಅವುಗಳ ನೆತ್ತಿಯಲ್ಲಿ ಕೋಟೆಯ ತೆನೆಗಳು, ಗೋಡೆಗೆ ಹಬ್ಬಿದ ಬಳ್ಳಿ ಕಾಣುತ್ತವೆ. ನಮ್ಮ ಮೈಸೂರು ಅರಮನೆಯ ಗುಮ್ಮಟ, ಕಮಾನುಗಳ ಗತ್ತು ಇಲ್ಲಿಲ್ಲ. ಇಂಗ್ಲೆಂಡಿನ ಕಥೆಪುಸ್ತಕದ ಕೋಟೆಯೊಂದನ್ನು ತಂದು ಇಟ್ಟಂತಿದೆ. ಇಂಗ್ಲೆಂಡಿನಲ್ಲಿ ಟ್ಯೂಡರ್ ವಂಶದವರು ಆಳುತ್ತಿದ್ದ ಕಾಲದ ಕಟ್ಟಡಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಅನುಕರಿಸಿ ಕಟ್ಟುವ ಒಂದು ಶೈಲಿ ಇತ್ತು. ಇದು ಆ ಶೈಲಿಯದು.

ಇದರ ಬಗ್ಗೆ ಎಲ್ಲರ ಬಾಯಲ್ಲೂ ಇರುವ ಒಂದು ಕಥೆಯಿದೆ. ಮೈಸೂರಿನ ಅರಸರು ಇಂಗ್ಲೆಂಡಿಗೆ ಹೋಗಿದ್ದಾಗ ವಿಂಡ್ಸರ್ ಕ್ಯಾಸಲ್ ನೋಡಿ ಮನಸೋತು, ಬಂದವರೇ ಅಂಥದ್ದೊಂದನ್ನು ಕಟ್ಟಿಸಿದರು ಎಂಬುದು ಆ ಕಥೆ. ಮಕ್ಕಳಿಗೆ ಬಸ್ಸಿನಲ್ಲೇ ಎರಡು ಇಸವಿ ಬರೆದುಕೊಳ್ಳಲು ಹೇಳಿದ್ದೆ. ಅರಮನೆಯ ಕಟ್ಟಡ ಶುರುವಾದದ್ದು 1862. ಈ ಅರಮನೆಯ ಮೊದಲ ಒಡೆಯರಾದ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1863ರ ಫೆಬ್ರವರಿ. ಹುಟ್ಟುವ ಮೊದಲೇ ಇಂಗ್ಲೆಂಡಿಗೆ ಹೋಗಿಬರಲು ಆಗುತ್ತದೆಯೇ? ಮಕ್ಕಳು ನಕ್ಕರು. ಇಸವಿಗಳನ್ನು ಯಾಕೆ ಬಾಯಿಪಾಠ ಮಾಡಬೇಕು ಸಾರ್ ಎಂದು ವರ್ಷವಿಡೀ ಕೇಳುವ ಹುಡುಗನೂ ನಕ್ಕ.

ಹಾಗಾದರೆ ಕಟ್ಟಿಸಿದವರು ಯಾರು? ಒಬ್ಬ ಮೇಷ್ಟ್ರು! ಇದನ್ನು ಬರೆಯುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಗುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಅವರ ಹೆಸರು ರೆವರೆಂಡ್ ಜಾನ್ ಗ್ಯಾರೆಟ್. ವೆಸ್ಲಿಯನ್ ಮಿಷನ್ನಿನವರಾಗಿ ಬೆಂಗಳೂರಿಗೆ ಬಂದು, ಮಿಷನ್ನಿನ ಮುದ್ರಣಾಲಯವನ್ನು ನೋಡಿಕೊಂಡವರು. ಕನ್ನಡ ಅಚ್ಚಿನ ಆರಂಭದ ದಿನಗಳಲ್ಲಿ ಆ ಮುದ್ರಣಾಲಯದ ಪಾತ್ರ ದೊಡ್ಡದು. 1849ರಲ್ಲಿ ಗ್ಯಾರೆಟ್ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಕ್ಕಪಕ್ಕ ಇಟ್ಟು ಅಚ್ಚು ಹಾಕಿಸಿದರು. 1858ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಹೈಸ್ಕೂಲು ಶುರುವಾದಾಗ ಅದರ ಮೊದಲ ಮುಖ್ಯಸ್ಥರು ಇವರೇ. ಆ ಹೈಸ್ಕೂಲು ಬೆಳೆದು ಸೆಂಟ್ರಲ್ ಕಾಲೇಜ್ ಆಯಿತು. ಮುಂದೆ ಗ್ಯಾರೆಟ್ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕರೂ ಆದರು. ಅಂದರೆ ಆ ಕಾಲದ ಕನ್ನಡ ಶಾಲೆಗಳ ಮೇಲಧಿಕಾರಿ ಕಟ್ಟಿಸಲು ತೊಡಗಿದ ಮನೆ ಇದು.

ಸೆಂಟ್ರಲ್ ಕಾಲೇಜಿಗೂ ನಮ್ಮೂರಿಗೂ ಒಂದು ನಂಟಿದೆ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಓದಿ, ಪದವಿಗಾಗಿ ಅದೇ ಸೆಂಟ್ರಲ್ ಕಾಲೇಜ್ ಸೇರಿದ ಹುಡುಗ ಚಕ್ರವರ್ತಿ ರಾಜಗೋಪಾಲಾಚಾರಿ. ಭಾರತದ ಕೊನೆಯ ಗವರ್ನರ್ ಜನರಲ್ ರಾಜಾಜಿ. ತೊರಪಳ್ಳಿಯ ಅವರ ಮನೆ ಇಂದು ಸ್ಮಾರಕ. ನಮ್ಮ ಮಕ್ಕಳಲ್ಲಿ ಹಲವರು ಅದನ್ನು ನೋಡಿದ್ದಾರೆ.

ಗ್ಯಾರೆಟ್ ಅವರ ಮನೆ ಅರಸರ ಕೈಗೆ ಬಂದ ಬಗೆ ಹೀಗೆ. 1831ರಿಂದ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಾವೇ ವಹಿಸಿಕೊಂಡಿದ್ದರು. ಅವರ ಕಮಿಷನರ ಕಚೇರಿ ಇದ್ದದ್ದು ಬೆಂಗಳೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1868ರಲ್ಲಿ ಮುಮ್ಮಡಿಯವರು ತೀರಿಕೊಂಡಾಗ ಹುಡುಗನಿಗೆ ಬರೀ ಐದು ವರ್ಷ. ದೊಡ್ಡವನಾದ ಮೇಲೆ ರಾಜ್ಯ ವಾಪಸು ಕೊಡುತ್ತೇವೆ, ಅಲ್ಲಿಯವರೆಗೆ ಓದಿಸಿ ತಯಾರು ಮಾಡುತ್ತೇವೆ ಎಂದು ಬ್ರಿಟಿಷರು 1869ರಲ್ಲಿ ಕರ್ನಲ್ ಮ್ಯಾಲಿಸನ್ ಎಂಬುವರನ್ನು ಪಾಲಕರನ್ನಾಗಿ ನೇಮಿಸಿದರು. ಆಡಳಿತ ಕಲಿಯಬೇಕಾದರೆ ಹುಡುಗ ಬೆಂಗಳೂರಿನಲ್ಲೂ ಇರಬೇಕು, ಇರಲು ತಕ್ಕ ಮನೆ ಬೇಕು. ಅದಕ್ಕಾಗಿ 1873ರಲ್ಲಿ ಗ್ಯಾರೆಟ್ ಅವರ ಮನೆಯನ್ನು 40,000 ರೂಪಾಯಿಗೆ ಕೊಂಡರು. ಕೊಂಡದ್ದು ಸರ್ಕಾರದ ಬೊಕ್ಕಸದಿಂದಲ್ಲ, ಬಾಲಕನ ಸ್ವಂತ ಹಣದಿಂದ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಕೆಲವು ಕಡೆ ಕೊಂಡ ವರ್ಷವನ್ನು 1884 ಎಂದು ಬರೆದಿರುವುದೂ ಉಂಟು. ಆದರೆ 1881ರಲ್ಲೇ ಚಾಮರಾಜೇಂದ್ರರು ಅಧಿಕಾರ ವಹಿಸಿಕೊಂಡಾಗಿತ್ತು. ಓದುವ ಹುಡುಗನಿಗಾಗಿ, ಪಾಲಕರು ಕೊಂಡ ಮನೆ ಎಂಬ ಮಾತು 1873ಕ್ಕೇ ಹೊಂದುತ್ತದೆ.

ಹತ್ತು ವರ್ಷದ ಹುಡುಗ! ನಮ್ಮ ಐದನೇ ತರಗತಿಯ ಪ್ರಾಯ. ಅಷ್ಟು ದೊಡ್ಡ ಮನೆ, ಸುತ್ತ ಪರದೇಶದ ಗುರುಗಳು. ಮಕ್ಕಳಿಗೆ ಈ ಭಾಗ ಹೇಳುವಾಗ ಯಾರೂ ಪಿಸುಗುಟ್ಟಲಿಲ್ಲ.

ಒಳಗಡೆ ನೋಡುವುದು ಬೇಕಾದಷ್ಟಿದೆ. ಕೆತ್ತನೆಯ ಮರದ ಮೆಟ್ಟಿಲು ಹತ್ತಿ ಹೋದರೆ ಮೇಲಂತಸ್ತಿನಲ್ಲಿ ದರ್ಬಾರ್ ಹಾಲ್. ಬಣ್ಣದ ಗಾಜಿನ ಕಿಟಕಿಗಳಿಂದ ಬೀಳುವ ಬೆಳಕು, ಒಂದು ಬದಿಯಲ್ಲಿ ಮರೆ. ಅರಮನೆಯ ಹೆಂಗಸರು ಆ ಮರೆಯ ಹಿಂದೆ ಕುಳಿತು ದರ್ಬಾರು ನೋಡುತ್ತಿದ್ದರಂತೆ. ಅದನ್ನು ಕೇಳಿ ನಮ್ಮ ಹುಡುಗಿಯರು ಒಬ್ಬೊಬ್ಬರಾಗಿ ಮರೆಯ ಕಡೆ ಹೋಗಿ ಅಲ್ಲಿಂದ ಎಷ್ಟು ಕಾಣುತ್ತದೆ ಎಂದು ಪರೀಕ್ಷೆ ಮಾಡಿದರು. ತೀರ್ಪು: "ಏನೂ ಸರಿಯಾಗಿ ಕಾಣಲ್ಲ ಸಾರ್." ಕೆಳಗಿನ ತೆರೆದ ಅಂಗಳದಲ್ಲಿ ನೀಲಿ ಬಣ್ಣದ ಹೆಂಚು ಹಾಕಿದ ಕಲ್ಲಿನ ಆಸನಗಳು. ಗೋಡೆಗಳ ಮೇಲೆ ಹಳೆಯ ಫೋಟೋಗಳು, ವರ್ಣಚಿತ್ರಗಳು. ಬೇಟೆಯಾಡಿದ ಆನೆಯ ತಲೆ ಗೋಡೆಯ ಮೇಲೆ, ಆನೆಯ ಪಾದದಿಂದ ಮಾಡಿದ ಪೀಠ ನೆಲದ ಮೇಲೆ. ಥಳಿ, ಡೆಂಕಣಿಕೋಟೆ ಕಡೆಯಿಂದ ಬರುವ ಮಕ್ಕಳಿಗೆ ಆನೆ ಹೊಸದಲ್ಲ. ರಾಗಿ ಹೊಲಕ್ಕೆ ನುಗ್ಗುವ ಆನೆಯನ್ನು ಓಡಿಸಲು ರಾತ್ರಿ ಪಟಾಕಿ ಹಿಡಿದು ಕಾಯುವ ಮನೆಗಳ ಮಕ್ಕಳು ಅವರು. ಆದರೂ ಆ ಪೀಠದ ಮುಂದೆ ಅವರೇ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತರು, ಏನೂ ಮಾತಾಡಲಿಲ್ಲ.

ಇನ್ನೊಂದು ಸಂಗತಿಯನ್ನು ನಾನು ಅಲ್ಲಿ ಹೇಳಲಿಲ್ಲ, ಮರುದಿನ ತರಗತಿಯಲ್ಲಿ ಹೇಳಿದೆ. ಮನೆ ಕೊಂಡ ಮೇಲೆ ಅದನ್ನು ಬೆಳೆಸಿ, ಅರಮನೆಗೆ ತಕ್ಕಂತೆ ಮಾಡುವ ಕೆಲಸ 1874ರಿಂದ 1878ರವರೆಗೆ ನಡೆಯಿತು ಎನ್ನುತ್ತಾರೆ. ಅದೇ 1876ರಿಂದ 78ರವರೆಗೆ ದಕ್ಷಿಣ ಭಾರತದಲ್ಲಿ ಮಹಾಕ್ಷಾಮ. ನಮ್ಮ ಕಡೆಯ ಮುದುಕರು ಈಗಲೂ ಧಾತು ಈಶ್ವರದ ಬರ ಎನ್ನುತ್ತಾರಲ್ಲ, ಅದೇ. ಧಾತು, ಈಶ್ವರ ಎಂಬುದು ಆ ಎರಡು ಸಂವತ್ಸರಗಳ ಹೆಸರು. ಮೈಸೂರು ಸಂಸ್ಥಾನದ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಜನ ಇಲ್ಲವಾದರು. ಆಗ ಹೊಸೂರು, ಕೃಷ್ಣಗಿರಿ ಸೇರಿದ್ದ ಸೇಲಂ ಜಿಲ್ಲೆಯಲ್ಲಿ 1871ರ ಜನಗಣತಿಯಂತೆ ಹತ್ತೊಂಬತ್ತು ಲಕ್ಷಕ್ಕೂ ಮೀರಿ ಜನ ಇದ್ದರು. 1881ಕ್ಕೆ ಉಳಿದದ್ದು ಹದಿನಾರು ಲಕ್ಷದ ಹತ್ತಿರ. ಬರದ ನೆರಳಿನಲ್ಲಿ ಏಳುತ್ತಿದ್ದ ಗೋಪುರಗಳು ಅವು. ಹುಡುಗ ಅರಸನಿಗೆ ಆಗ ಹದಿಮೂರು ಹದಿನಾಲ್ಕು ವರ್ಷ, ರಾಜ್ಯ ಅವನ ಕೈಯಲ್ಲಿರಲಿಲ್ಲ. ಆದ್ದರಿಂದ ಅವನನ್ನು ದೂರುವುದು ನ್ಯಾಯವಲ್ಲ. ಆದರೆ ಇಸವಿಗಳು ಒಟ್ಟಿಗೆ ಬರುವುದನ್ನು ಮಕ್ಕಳಿಂದ ಮುಚ್ಚಿಡುವುದೂ ನನಗೆ ಸರಿ ಕಾಣಲಿಲ್ಲ.

ತೋಟದ ವಿಷಯಕ್ಕೆ ಬರೋಣ. ಅರಮನೆಯ ಸುತ್ತಲಿನ ತೋಟವನ್ನು ರೂಪಿಸಿದವರು ಜಾನ್ ಕ್ಯಾಮರೂನ್. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದವರು. ಲಾಲ್‌ಬಾಗಿನ ಗಾಜಿನ ಮನೆ ಎದ್ದದ್ದು ಇವರ ಕಾಲದಲ್ಲೇ, ಅದಕ್ಕೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಹೊರದೇಶಗಳ ತರಕಾರಿ, ಹಣ್ಣು, ಹೂಗಳ ಬೀಜ ತರಿಸಿ ಲಾಲ್‌ಬಾಗಿನಲ್ಲಿ ಬೆಳೆದು ನೋಡಿ ರೈತರಿಗೆ ಹಂಚಿದ ಕೆಲಸವೇ ಅವರ ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ. ಸೀಮೆಬದನೆ ಹಾಗೆ ಬಂದದ್ದು ಎನ್ನುತ್ತಾರೆ. ಅದಕ್ಕೆ ತಮಿಳಿನಲ್ಲಿ 'ಬೆಂಗಳೂರು ಕತ್ತರಿಕಾಯಿ' ಎಂಬ ಹೆಸರಿದೆ. ಹೊಸೂರಿನ ಸಂತೆಯಲ್ಲಿ ಎರಡು ಹೆಸರೂ ನಡೆಯುತ್ತವೆ. ಒಂದೇ ಅಂಗಡಿಯಲ್ಲಿ ಅಜ್ಜಿ ಸೀಮೆಬದನೆ ಕೇಳಿದರೆ ಅಂಗಡಿಯವನು ಕತ್ತರಿಕಾಯಿ ಎಂದು ತೂಗಿ ಕೊಡುತ್ತಾನೆ.

ಅರಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಗುಲಾಬಿ ನೋಡಿದಾಗ ನಮ್ಮ ಹುಡುಗನೊಬ್ಬ ಬಾಗಿ ಕಡ್ಡಿಯ ಉದ್ದ ನೋಡಿದ. "ಇದು ಎಕ್ಸ್‌ಪೋರ್ಟ್ ಆಗಲ್ಲ ಸಾರ್, ಕಡ್ಡಿ ಗಿಡ್ಡ" ಎಂದ. ಅವನ ಅಪ್ಪ ಅಮ್ಮ ಇಬ್ಬರೂ ಹೊಸೂರಿನ ಹೂವಿನ ಹಸಿರುಮನೆಯಲ್ಲಿ ಕೆಲಸ ಮಾಡುವವರು. ಫೆಬ್ರವರಿ ತಿಂಗಳ ಗುಲಾಬಿ ಹೊರದೇಶಗಳಿಗೆ ಹೋಗುವುದು ನಮ್ಮೂರಿನಿಂದ. ಅರಸರ ತೋಟಕ್ಕೆ ಅಂಕ ಕೊಡುವ ಯೋಗ್ಯತೆ ಅವನಿಗಿತ್ತು ಎನ್ನಿ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಆ ಹುಡುಗಿ ಬಿಡಲಿಲ್ಲ. "ಸಾರ್, ಹೇಳ್ತೀನಿ ಅಂದಿದ್ರಿ."

ಹೇಳಿದೆ. ಹದಿನೇಳನೆಯ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಹೊಸೂರು, ಡೆಂಕಣಿಕೋಟೆಗಳು ಮೈಸೂರಿಗೆ ಸೇರಿದವು. ಮುಂದೆ ಹೈದರ್ ಅಲಿ, ಟಿಪ್ಪು ಸುಲ್ತಾನರ ಕಾಲದಲ್ಲೂ ನಮ್ಮ ಸೀಮೆ ಮೈಸೂರಿನದೇ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಜುಲೈನಲ್ಲಿ, ಇಂಗ್ಲಿಷರು ಹೊಸೂರು, ರಾಯಕೋಟೆಗಳನ್ನು ಹಿಡಿದರು. ಅದೇ ವರ್ಷ ನವೆಂಬರಿನಲ್ಲಿ ಕೃಷ್ಣಗಿರಿ ಬೆಟ್ಟದ ಕೋಟೆಗೆ ಏಣಿ ಹಾಕಲು ಹೋಗಿ ಸೋತು ಹಿಂದೆ ಸರಿದರು. ಆದರೂ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೃಷ್ಣಗಿರಿ ಸೇರಿದ ಬಾರಾಮಹಲ್ ಸೀಮೆ ಇಂಗ್ಲಿಷರ ಪಾಲಾಯಿತು. ಬೆಟ್ಟದ ಮೇಲಿನ ನಮ್ಮ ಹೊಸೂರು ಟಿಪ್ಪುವಿಗೆ ವಾಪಸು ಹೋಯಿತು. 1799ರಲ್ಲಿ ಟಿಪ್ಪು ಮಡಿದ. ಜೂನ್ ತಿಂಗಳಲ್ಲಿ ಗೆದ್ದವರು ಕುಳಿತು ನಕ್ಷೆ ಬಿಡಿಸಿ ಹಂಚಿಕೊಂಡರು. ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿ ಒಡೆಯರ್ ಮನೆತನಕ್ಕೆ ಮೈಸೂರು ಕೊಟ್ಟರು. ಅದೇ ಹಂಚಿಕೆಯಲ್ಲಿ ಹೊಸೂರನ್ನು ತಮ್ಮ ಬಳಿ ಇಟ್ಟುಕೊಂಡು ಸೇಲಂ ಜಿಲ್ಲೆಗೆ ಸೇರಿಸಿದರು.

ಅಂದರೆ, ಈ ಫೋಟೋಗಳಲ್ಲಿರುವ ಮನೆತನಕ್ಕೆ ಸಿಂಹಾಸನ ವಾಪಸು ಸಿಕ್ಕಿದ ವರ್ಷವೇ ನಾವು ಅವರ ಕೈತಪ್ಪಿದ್ದು. ಈ ಫೋಟೋದಲ್ಲಿರುವವರು ಯಾರೂ ನಮ್ಮ ಊರನ್ನು ಆಳಲಿಲ್ಲ. ಅವರ ಹಿರಿಯರು ಆಳಿದ್ದರು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗಲೂ ಸೇಲಂ ಜಿಲ್ಲೆಯ ಭಾಗವಾಗಿ ನಾವು ಮದರಾಸಿನಲ್ಲೇ ಉಳಿದೆವು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಎಂದು ಜಿಲ್ಲೆಯ ಹೆಸರು ಬದಲಾಗುತ್ತಾ ಬಂತು. ಅತ್ತಿಬೆಲೆಯ ಗಡಿ ಅಲ್ಲಾಡಲಿಲ್ಲ.

"ಹಾಗಾದ್ರೆ ಬೆಂಗಳೂರನ್ನ ಯಾಕೆ ಕೊಟ್ರು, ನಮ್ಮನ್ನ ಯಾಕೆ ಇಟ್ಕೊಂಡ್ರು?" ಎಂದಳು. ಕೆಳಗಿನ ಬಾರಾಮಹಲ್ ಆಗಲೇ ಇಂಗ್ಲಿಷರದಾಗಿತ್ತು. ಅಲ್ಲಿಂದ ಮೈಸೂರು ಸೀಮೆಗೆ ಹತ್ತಿ ಬರುವ ಕಣಿವೆ ದಾರಿಗಳ ತಲೆಯಲ್ಲಿ ನಮ್ಮ ಕೋಟೆಗಳಿದ್ದವು. ದಾರಿ ಕಾಯುವ ಊರನ್ನು ಗೆದ್ದವನು ಬಿಟ್ಟುಕೊಡುವುದಿಲ್ಲ ಎಂದೆ. ಬಸ್ಸಿನಲ್ಲಿ ಬಂದ ದಾರಿಯೇ ತಾನೇ ಸಾರ್ ಎಂದಳು. ಹೆಚ್ಚು ಕಡಿಮೆ ಅದೇ.

ಇನ್ನು ಆಸ್ತಿಯ ವಿಷಯ. 1950ರಲ್ಲಿ ಸಂಸ್ಥಾನ ಪೂರ್ತಿಯಾಗಿ ಭಾರತದಲ್ಲಿ ಲೀನವಾದಾಗ ಅರಸರ ಖಾಸಗಿ ಆಸ್ತಿ ಯಾವುದು, ಸರ್ಕಾರದ ಆಸ್ತಿ ಯಾವುದು ಎಂದು ಪಟ್ಟಿ ಮಾಡಿದರು. ಬೆಂಗಳೂರು ಅರಮನೆ ಖಾಸಗಿ ಪಟ್ಟಿಯಲ್ಲಿ ಬಂತು. ಮೇಲೆ ಹೇಳಿದ 40,000 ರೂಪಾಯಿ ಯಾರ ಹಣ ಎಂಬುದರ ಬೆಲೆ ಗೊತ್ತಾಗುವುದು ಇಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ್ 1940ರ ಆಗಸ್ಟಿನಲ್ಲಿ ಕೊನೆಯುಸಿರೆಳೆದದ್ದು ಇದೇ ಅರಮನೆಯಲ್ಲಿ. ಜಯಚಾಮರಾಜೇಂದ್ರ ಒಡೆಯರ್ 1974ರಲ್ಲಿ ತೀರಿಕೊಂಡ ಮೇಲೆ ಆಸ್ತಿಯ ತಕರಾರುಗಳು ಬೆಳೆದವು. 1996ರಲ್ಲಿ ಕರ್ನಾಟಕ ಸರ್ಕಾರ ಕಾಯಿದೆ ಮಾಡಿ ಅರಮನೆಯನ್ನೂ ಸುತ್ತಲಿನ ನೆಲವನ್ನೂ, ಒಟ್ಟು 472 ಎಕರೆ 16 ಗುಂಟೆ, ವಶಪಡಿಸಿಕೊಳ್ಳಲು ಹೊರಟಿತು. ಪರಿಹಾರ 11 ಕೋಟಿ ರೂಪಾಯಿ. ಮನೆತನದವರು ಕೋರ್ಟಿಗೆ ಹೋದರು. 1997ರಲ್ಲಿ ಹೈಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು, ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ನಡುವೆ 2005ರ ಸುಮಾರಿಗೆ ಅರಮನೆಯ ಬಾಗಿಲು ಜನರಿಗೆ ತೆರೆಯಿತು. ಮೈದಾನದಲ್ಲಿ ಮದುವೆ, ವಸ್ತುಪ್ರದರ್ಶನ, ವಿದೇಶಿ ಸಂಗೀತ ಕಛೇರಿ ಎಲ್ಲ ನಡೆದವು. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡರು, 2015ರಲ್ಲಿ ಯದುವೀರರು ದತ್ತು ಬಂದರು. 2024ರ ಡಿಸೆಂಬರಿನಲ್ಲಿ, ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಬೇಕಾದ ಹದಿನೈದು ಎಕರೆ ಚಿಲ್ಲರೆ ನೆಲಕ್ಕೆ ಈಗಿನ ಬೆಲೆಯಲ್ಲಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಅದರ ಬೆಲೆ ಸುಮಾರು 3,000 ಕೋಟಿ ರೂಪಾಯಿ. ಅಷ್ಟು ಕೊಡಲಾಗದು ಎಂದು ಸರ್ಕಾರ 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ತರಲು ಮುಂದಾಯಿತು.

ಇದನ್ನು ಗಣಿತದ ತರಗತಿಗೆ ಒಯ್ದೆವು. ನಮ್ಮ ಕಡೆ ನೆಲದ ಲೆಕ್ಕ ಸೆಂಟಿನಲ್ಲಿ, ಅಲ್ಲಿ ಗುಂಟೆಯಲ್ಲಿ. ಎಕರೆಗೆ ನೂರು ಸೆಂಟು, ಎಕರೆಗೆ ನಲವತ್ತು ಗುಂಟೆ. ಹಾಗಾಗಿ 16 ಗುಂಟೆ ಎಂದರೆ 40 ಸೆಂಟು. 1996ರ ಕಾಯಿದೆಯ ಲೆಕ್ಕದಲ್ಲಿ ಎಕರೆಗೆ ಎರಡು ಲಕ್ಷ ಮೂವತ್ತಮೂರು ಸಾವಿರದ ಹತ್ತಿರ ಬರುತ್ತದೆ. 2024ರ ಲೆಕ್ಕದಲ್ಲಿ ಎಕರೆಗೆ ಸುಮಾರು 200 ಕೋಟಿ. ಮಕ್ಕಳು ಸೊನ್ನೆ ತಪ್ಪಾಗಿದೆ ಎಂದು ಎರಡೆರಡು ಸಲ ಮಾಡಿ ನೋಡಿದರು. ಯಾರ ಪರ ಎಂದು ನಾನು ಹೇಳಲಿಲ್ಲ. ಎಕರೆಗೆ ಎರಡು ಲಕ್ಷ ಕೊಟ್ಟು ಕಿತ್ತುಕೊಳ್ಳುವುದು ಅನ್ಯಾಯ ಎಂದು ಅರ್ಧ ತರಗತಿ, ಒಂದು ಮನೆಗೆ ಅಷ್ಟು ನೆಲ ಯಾಕೆ ಎಂದು ಇನ್ನರ್ಧ.

ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗ, "ನಮ್ಮೂರಲ್ಲೂ ಇಂಥದ್ದು ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದ. ಇತ್ತು ಕಣಪ್ಪ!

ಗ್ಯಾರೆಟ್ ಬೆಂಗಳೂರಿನಲ್ಲಿದ್ದ ಕಾಲಕ್ಕೇ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಬ್ರೆಟ್ ಎಂಬ ಸೇಲಂ ಕಲೆಕ್ಟರು ಹೊಸೂರಿನ ಹಳೆಯ ಕೋಟೆಯ ಆವರಣದಲ್ಲಿ ಒಂದು ಕ್ಯಾಸಲ್ ಕಟ್ಟಿಸಿದರು. ಸೇಲಂನ ಸೆಕೆ ತಡೆಯದ ಕಲೆಕ್ಟರುಗಳಿಗೆ ಹೊಸೂರಿನ ತಂಪು ಇಷ್ಟ. ಕ್ಯಾಸಲ್ಲಿಗೆ ಇಟ್ಟ ಹೆಸರು ಕೆನಿಲ್‌ವರ್ತ್. ಇಂಗ್ಲೆಂಡಿನ ಕೆನಿಲ್‌ವರ್ತ್ ದೊಡ್ಡ ಹೆಸರಿನ ಕೋಟೆ. 1575ರಲ್ಲಿ ಎಲಿಜಬೆತ್ ರಾಣಿ ಅಲ್ಲಿಗೆ ಬಂದಾಗ ರಾಬರ್ಟ್ ಡಡ್ಲಿ ಎಂಬ ಶ್ರೀಮಂತ ಅವಳಿಗಾಗಿ ಒಂದು ತೋಟವನ್ನೇ ಮಾಡಿಸಿದ್ದ. ಹದಿನೇಳನೆಯ ಶತಮಾನದ ಅಂತರ್ಯುದ್ಧದ ಮೇಲೆ ಆ ಕೋಟೆಯನ್ನು ಕೆಡವಿದರು. ಬ್ರೆಟ್ ಕಾಲಕ್ಕೆ ಅದು ಪಾಳು. ಪಾಳುಬಿದ್ದ ಕೋಟೆಯ ಹೆಸರನ್ನು ಹೊಸ ಮನೆಗೆ ಯಾಕೆ ಇಟ್ಟರೋ! ಇಂಗ್ಲೆಂಡಿನಿಂದ ಬರಲಿದ್ದ ಹೆಂಡತಿಗಾಗಿ ಕಟ್ಟಿಸಿದರು ಎಂಬ ಕಥೆ ನಮ್ಮೂರಲ್ಲಿದೆ. ವಿಂಡ್ಸರ್ ಕಥೆಯ ಜಾತಿಯದೇ ಇರಬಹುದು, ಹೇಳಲು ಚೆನ್ನಾಗಿದೆ.

ಬೆಂಗಳೂರಿನ ಮೇಷ್ಟ್ರ ಮನೆಯನ್ನು ಒಂದು ಮನೆತನ ಕೊಂಡಿತು. ಕೊಂಡದ್ದರಿಂದ ಬಣ್ಣ ಬಳಿದರು, ತೋಟ ಮಾಡಿದರು, ಕೋರ್ಟಿಗೂ ಹೋದರು. ಅವರಿಗಾಗಿಯೋ ಅವರ ವಿರುದ್ಧವೋ ಕಾಗದಗಳು ಉಳಿದವು. ನಮ್ಮ ಕಲೆಕ್ಟರ ಮನೆಗೆ ಅಂಥ ವಾರಸುದಾರರು ಸಿಗಲಿಲ್ಲ. ಟಿಕೆಟು ತೆಗೆದುಕೊಂಡು ಒಳಗೆ ಹೋಗಿ ನೋಡುವಂಥ ಅರಮನೆ ಅಲ್ಲಿ ಈಗಿಲ್ಲ. ಇಂಗ್ಲೆಂಡಿನ ಪಾಳು ಕೆನಿಲ್‌ವರ್ತ್‌ನಲ್ಲಾದರೂ ರಾಣಿಯ ತೋಟವನ್ನು, ಅದನ್ನು ಕಂಡವನೊಬ್ಬ ಬರೆದಿಟ್ಟ ಪತ್ರದ ಆಧಾರದ ಮೇಲೆ, 2009ರಲ್ಲಿ ಮತ್ತೆ ಮಾಡಿ ತೋರಿಸಿದ್ದಾರೆ.

ಕೊನೆಯ ಸಂಗತಿ ಮಕ್ಕಳಿಗೆ ತಲೆಗೆ ಹತ್ತಿತು. ಮರುವಾರ ಎಲ್ಲರಿಗೂ ಒಂದು ಮನೆಗೆಲಸ ಕೊಟ್ಟೆ: ಮನೆಯಲ್ಲಿ ಹಿರಿಯರನ್ನು ಕೇಳಿ, ಹೊಸೂರು ಕೋಟೆಯ ಹತ್ತಿರ ಅವರು ಚಿಕ್ಕವರಿದ್ದಾಗ ಏನೇನು ಇತ್ತು ಎಂದು ಬರೆದು ತರಬೇಕು. ಮನೆಯಲ್ಲಿ ತೆಲುಗು ಮಾತಾಡುವವರು ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಬರೆಯಲಿ ಎಂದೆ. ಇಪ್ಪತ್ತಮೂರು ಕಾಗದಗಳು ಬಂದಿವೆ. ಕೆಲವು ಎರಡೇ ಸಾಲು. ಒಂದರಲ್ಲಿ ಮಾತ್ರ, ಅಜ್ಜ ಹೇಳಿದಂತೆ, ಗೋಡೆ ಎಲ್ಲಿಂದ ಎಲ್ಲಿಗೆ ಇತ್ತು, ಹುಣಸೆಮರ ಎಲ್ಲಿತ್ತು, ದನ ಎಲ್ಲಿ ಕಟ್ಟುತ್ತಿದ್ದರು ಎಂದು ಪೆನ್ಸಿಲಿನಲ್ಲಿ ನಕ್ಷೆ ಇದೆ. ತಾರೀಖು ಹಾಕಿಸಿ ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇನೆ.